ಹಿಂದಿನ ಸಾಲಿನ ತುಟಿಗಳು

ಆ ವಿಡಿಯೊವನ್ನು ಈಗ ನಾನು ಶಬ್ದ ತೆಗೆದೇ ನೋಡುತ್ತೇನೆ. ನಮ್ಮ ಬಡಾವಣೆಯ ರಾಜ್ಯೋತ್ಸವದ ಸಂಜೆ ಯಾರೋ ಒಬ್ಬ ತಂದೆ ತನ್ನ ಮಗನಿಗಾಗಿ ತೆಗೆದದ್ದು ಅದು. ಇಪ್ಪತ್ತೆರಡು ಮಕ್ಕಳು ಮೂರು ಸಾಲಿನಲ್ಲಿ ನಿಂತು ಹಾಡುತ್ತಿದ್ದಾರೆ. ಎಡಗಡೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ದೊಡ್ಡ ಸ್ಪೀಕರು. ಮುಂದೆ, ಜನರಿಗೆ ಬೆನ್ನು ಹಾಕಿ ಕೈ ಬೀಸುತ್ತ ಕೂತ ಹೆಂಗಸಿನ ಜಡೆ ಕಾಣುತ್ತದೆ, ಅದು ನಾನು. ಹಿಂದಿನ ಸಾಲಿನ ತುದಿಯಲ್ಲಿರುವ ಹುಡುಗಿ ಹಾಡಿನ ನಡುವೆ ತಲೆಯನ್ನು ಸ್ಪೀಕರಿನ ಕಡೆಗೆ ತಿರುಗಿಸುತ್ತಾಳೆ. ಮತ್ತೆ ನನ್ನ ಕಡೆ ನೋಡುತ್ತಾಳೆ. ಅವಳ ತುಟಿ ಆಡುತ್ತದೆ. ಜಡೆಯ ಹೆಂಗಸು ಬೆರಳನ್ನು ಕೆನ್ನೆಗೆ ಮುಟ್ಟಿಸಿ, ನಗು ಎಂದು ಸನ್ನೆ ಮಾಡುತ್ತಾಳೆ. ಹುಡುಗಿ ನಗುತ್ತಾಳೆ. ಆಮೇಲೆ ಸ್ಪೀಕರು ಬೀಳುತ್ತದೆ.

ಅವಳು ಆಗ ಏನು ಹೇಳಿದಳು? ಹಾಡಿನ ಸಾಲೋ, ಇಲ್ಲ ‘ಬೀಳ್ತಿದೆ ಮಿಸ್’ ಅಂತಲೋ? ನಿಲ್ಲಿಸಿ, ಹಿಂದಕ್ಕೆ ಎಳೆದು, ದೊಡ್ಡದು ಮಾಡಿ ನೋಡಿದ್ದೇನೆ. ದೊಡ್ಡದು ಮಾಡಿದಷ್ಟೂ ಆ ತುಟಿ ಬರೀ ಗುಲಾಬಿ ಬಣ್ಣದ ಚೌಕಗಳಾಗಿ ಒಡೆದುಹೋಗುತ್ತದೆ.

ಅಲ್ಲಾಳಸಂದ್ರದ ಕೆರೆಯ ಹತ್ತಿರ ನಮ್ಮ ಮನೆ. ನಾನು ಓದಿದ್ದು ಕಲೆಯ ಇತಿಹಾಸ. ಮದುವೆಗೆ ಮುಂಚೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಒಂದೇ ಬಗೆಯ ಬಟ್ಟೆ ತೊಟ್ಟು ಸಾಲಾಗಿ ನಿಂತ ಮಕ್ಕಳ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸಿ, ಎಲ್ಲರಂತಾಗುವುದು ಎಂದರೇನು, ಆಗುವ ದಾರಿಯಲ್ಲಿ ಮಗುವಿನಿಂದ ಕಳಚಿ ಬೀಳುವುದೇನು ಎಂದು ವಿವರಿಸುತ್ತಿದ್ದೆ. ಗಾಯನದ ಬಗ್ಗೆಯೂ ಹಾಗೆಯೇ: ಹತ್ತು ಗಂಟಲು ಒಂದಾದಾಗ ಹಿತವೆನಿಸುವುದು ಏಕೆ, ಆ ಹಿತದಲ್ಲಿ ಭಯ ಪಡಬೇಕಾದ್ದು ಏನು ಎಂದು. ಪರೀಕ್ಷೆಯಲ್ಲಿ ನಲವತ್ತು ಮಂದಿ ನನ್ನ ವಾಕ್ಯವನ್ನೇ ಅಕ್ಷರ ಬಿಡದೆ ಬರೆದಿದ್ದರು. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟಿದ್ದೆ.

ಚಿಕ್ಕಂದಿನಲ್ಲಿ ಒಂದಿಷ್ಟು ಸಂಗೀತ ಕಲಿತಿದ್ದೆನಾದ್ದರಿಂದ, ಬಡಾವಣೆಯ ಸಂಘದವರು ಮಕ್ಕಳಿಗೆ ಒಂದು ಸಮೂಹಗೀತೆ ಕಲಿಸಿಕೊಡಿ ಎಂದಾಗ ಒಪ್ಪಿಕೊಂಡೆ. ಅವರದು ಒಂದೇ ಷರತ್ತು, ಯಾವ ಮನೆಯ ಮಗುವನ್ನೂ ಬಿಡುವಂತಿಲ್ಲ. ಬಿಟ್ಟರೆ ಮುಂದಿನ ವರ್ಷ ಆ ಮನೆಯವರು ಕುರ್ಚಿ ಹಾಕಲೂ ಬರುವುದಿಲ್ಲ ಎಂದು ಕಾರ್ಯದರ್ಶಿ ನಕ್ಕರು. ಇಪ್ಪತ್ತೆರಡು ಮಕ್ಕಳಲ್ಲಿ ಆರು ಮಂದಿಗೆ ಶ್ರುತಿ ನಿಲ್ಲುತ್ತಿರಲಿಲ್ಲ. ಇದಕ್ಕೆ ಎಲ್ಲ ಶಾಲೆಗಳಲ್ಲೂ ಇರುವ ಉಪಾಯವನ್ನೇ ಮಾಡಿದೆ. ಅವರನ್ನು ಹಿಂದಿನ ಸಾಲಿಗೆ ಹಾಕಿ, ಧ್ವನಿ ಬೇಡ, ಬರೀ ತುಟಿ ಆಡಿಸಿ ಎಂದೆ.

‘‘ಹಂಗಾದ್ರೆ ನಾನು ಮ್ಯೂಟಾ ಮಿಸ್?’’ ಎಂದು ಕೇಳಿದವಳು ಈ ಹುಡುಗಿ. ಎಂಟು ವರ್ಷ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಂದಿನಿಂದ ಆ ಆರು ಜನ ತಮ್ಮನ್ನು ಮ್ಯೂಟ್ ಗ್ಯಾಂಗ್ ಎಂದು ಕರೆದುಕೊಂಡು ಹೆಮ್ಮೆಯಿಂದ ತಿರುಗುತ್ತಿದ್ದರು.

ನಿಜ ಹೇಳಬೇಕೆಂದರೆ ಅವಳ ಶ್ರುತಿ ಅಷ್ಟೇನೂ ಕೆಟ್ಟಿರಲಿಲ್ಲ. ಅವಳ ಧ್ವನಿ ದೊಡ್ಡದಾಗಿತ್ತು, ಅಷ್ಟೇ. ಅವರದು ಊರಿನ ಹಳೆಯ ಮನೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಮಹಡಿಯ ಬಾಡಿಗೆ ಕಟ್ಟಡವಿದ್ದರೂ ಅಜ್ಜಿ ಇನ್ನೂ ತಾರಸಿಯ ಮೇಲಿಂದ ಹೊಲದಾಚೆಯವರನ್ನು ಕರೆಯುವಂತೆ ಕರೆಯುತ್ತಾರೆ. ಮೊಮ್ಮಗಳೂ ಹಾಗೆ. ಸಾಲಿನ ಕೊನೆಯನ್ನು ಸೋಬಾನೆ ಪದದ ಹಾಗೆ ಎಳೆದು, ಮಿಕ್ಕವರು ಮುಂದಿನ ಸಾಲಿಗೆ ಹೋದ ಮೇಲೆ ನಿಧಾನವಾಗಿ ಬಂದು ಸೇರಿಕೊಳ್ಳುವಳು. ನನಗದು ಇಷ್ಟವಾಗಿತ್ತು. ಆದರೆ ಇಬ್ಬರು ತಾಯಂದಿರು ಬಂದು, ಅವಳೊಬ್ಬಳದೇ ಕೇಳಿಸುತ್ತೆ, ನಮ್ಮ ಮಕ್ಕಳದು ಕೇಳಿಸುವುದೇ ಇಲ್ಲ ಎಂದರು. ಮೊದಮೊದಲು ಅವಳು ಮರೆತು ಹಾಡಿಬಿಡುವಳು. ನಾನು ತುಟಿಯ ಮೇಲೆ ಬೆರಳಿಡುವೆ. ಎರಡು ವಾರದಲ್ಲಿ ಬೆರಳು ಬೇಕಾಗಲಿಲ್ಲ.

ಆ ಸಂಜೆ ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಶಾಮಿಯಾನದ ಒಂದು ಹಗ್ಗವನ್ನು ಯಾರೋ ಸ್ಪೀಕರಿನ ಸ್ಟ್ಯಾಂಡಿಗೆ ಕಟ್ಟಿದ್ದರು. ಯಾರೆಂದು ಈಗಲೂ ಗೊತ್ತಾಗಿಲ್ಲ. ಬಟ್ಟೆ ಉಬ್ಬಿದಾಗಲೆಲ್ಲ ಸ್ಟ್ಯಾಂಡು ಸ್ವಲ್ಪ ಸ್ವಲ್ಪ ಎಳೆದುಕೊಂಡು ಬಂದಿರಬೇಕು. ಸ್ಪೀಕರು ಎರಡನೆಯ ಸಾಲಿನ ಒಬ್ಬ ಹುಡುಗನ ಭುಜ ಸವರಿಕೊಂಡು ಬಿತ್ತು. ಅವನ ಕತ್ತಿನ ಕೆಳಗಿನ ಮೂಳೆ ಮುರಿಯಿತು. ಒಂದು ಗೇಣು ಆ ಕಡೆ ಬಿದ್ದಿದ್ದರೆ ಎಂದು ಎಲ್ಲರೂ ಶುರು ಮಾಡುತ್ತಾರೆ, ಯಾರೂ ಆ ವಾಕ್ಯ ಮುಗಿಸುವುದಿಲ್ಲ.

ಬಲಗಡೆಯ ಸ್ಪೀಕರಿನಿಂದ ಹಾಡಿನ ಸಂಗೀತ ಬರುತ್ತಲೇ ಇತ್ತು. ಹಿಂದೆ ಏನಾಯಿತೆಂದು ಕಾಣದ ಮುಂದಿನ ಸಾಲಿನ ಮಕ್ಕಳು ಆ ಚರಣ ಮುಗಿಯುವವರೆಗೂ ಹಾಡಿದರು. ಮಕ್ಕಳಲ್ಲವೇ ಎನ್ನಬಹುದು. ವಿಡಿಯೊದಲ್ಲಿ ಸ್ಪೀಕರು ಬಿದ್ದ ಮೇಲೂ ಜಡೆಯ ಹೆಂಗಸಿನ ಕೈ ಎರಡು ಸಲ ತಾಳ ಹಾಕುತ್ತದೆ.

ಆಮೇಲೆ ಸಂಘದವರು ಕೇಳಿದಾಗ, ಎಲ್ಲರಿಗಿಂತ ಹತ್ತಿರ ಕೂತಿದ್ದವಳಾಗಿ ನಾನು ಹೇಳಿದ್ದು ಇಷ್ಟೇ: ಇದ್ದಕ್ಕಿದ್ದಂತೆ ಬಿತ್ತು, ಯಾರಿಗೂ ಗೊತ್ತಾಗಲಿಲ್ಲ. ಹುಡುಗಿಯ ಮಾತೆತ್ತಲಿಲ್ಲ.

ಕೆಲವು ವಾರ ಕಳೆದು ಹುಡುಗಿಯ ತಾಯಿ ನನಗೊಂದು ಚಿತ್ರ ಕಳಿಸಿದರು. ಮಗಳು ಮನೆಯಲ್ಲಿ ಮಾತು ಕಡಿಮೆ ಮಾಡಿದ್ದಾಳೆಂದು ಶಾಲೆಯಲ್ಲಿ ಆಪ್ತಸಲಹೆಗಾರರ ಹತ್ತಿರ ಕೂರಿಸಿದ್ದರಂತೆ. ಅವರು ಆ ದಿನದ ಚಿತ್ರ ಬರೆಯಲು ಹೇಳಿದರಂತೆ. ನೀವು ಆರ್ಟ್ ಓದಿದವರಲ್ವಾ, ಇದಕ್ಕೆ ಏನರ್ಥ ಸ್ವಲ್ಪ ಹೇಳಿ ಎಂದು ಕೇಳಿದ್ದರು. ಮೂರು ಸಾಲು ಮಕ್ಕಳು. ಎಲ್ಲರದೂ ಅಳತೆ ಮಾಡಿದಂತೆ ಒಂದೇ ದುಂಡು ಮುಖ, ಒಂದೇ ದುಂಡು ಬಾಯಿ. ಸ್ಪೀಕರೇ ಇಲ್ಲ. ನಾನೂ ಇಲ್ಲ.

ಒಂದು ಗಂಟೆ ಕೂತು ಉತ್ತರ ಟೈಪ್ ಮಾಡಿದೆ. ಒಂದೇ ಬಗೆಯ ಮುಖಗಳು, ಕಾಣೆಯಾದ ಅಪಾಯ, ಕಾಣೆಯಾದ ಹಿರಿಯರು. ಓದಿ ನೋಡಿದರೆ ನನ್ನ ಹಳೆಯ ಪಾಠದ ಟಿಪ್ಪಣಿಯೇ. ಯಾರ ಬಗ್ಗೆ ಬರೆಯುತ್ತಿದ್ದೇನೆ, ಅವಳ ಬಗ್ಗೆಯೋ ನನ್ನ ಬಗ್ಗೆಯೋ ತಿಳಿಯಲಿಲ್ಲ. ಎಲ್ಲ ಅಳಿಸಿ, ಚೆನ್ನಾಗಿ ಬರೆದಿದ್ದಾಳೆ ಎಂದಷ್ಟೇ ಕಳಿಸಿದೆ. ಮೂರು ದಿನ ಅದೂ ಸುಳ್ಳೆನಿಸಿತು. ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಅವಳ ಬಾಯಿ ಮುಚ್ಚಿಸಿದ್ದು ನಾನೇ ಎಂದು ಹೇಳಬೇಕು, ಅವಳು ಏನೆಂದಳೋ ಕೇಳಬೇಕು ಎಂದುಕೊಂಡು.

ತಾಯಿ ಯಲಹಂಕಕ್ಕೆ ಹೋಗಿದ್ದರು. ಅಜ್ಜಿ ಜಗಲಿಯಲ್ಲಿ ಕೂತು, ನೆನೆಹಾಕಿದ ಅವರೆಕಾಳಿನ ಸಿಪ್ಪೆ ಹಿತುಕುತ್ತಿದ್ದರು. ನನ್ನನ್ನೂ ಕೂರಿಸಿ ಮುಂದೆ ಒಂದು ಬೋಗುಣಿ ಸರಿಸಿದರು. ಹೇಗೆ ಶುರು ಮಾಡುವುದೆಂದು ತಿಳಿಯದೆ ಚಿತ್ರದ ಮಾತು ತೆಗೆದೆ. ಮುಖಗಳೆಲ್ಲ ಒಂದೇ ಥರ ಇವೆಯಲ್ಲ ಎಂದೆ.

‘‘ಬಾಟ್ಲು ಮುಚ್ಚಳ ಇಕ್ಕಿ ಸುತ್ತ ಗೀಟು ಎಳುದ್ಲು ಕಣವ್ವ. ಅದ್ಕೇ ಎಲ್ಲಾದೂ ಒಂದೇ ಮಕ,’’ ಎಂದರು ಅಜ್ಜಿ. ‘‘ಕೈಯಾಗೆ ಬರುದ್ರೆ ಗುಂಡುಗೆ ಬರಾಕಿಲ್ಲ ಅಂತ.’’

ನನಗೆ ನಗು ಬಂತು, ನಗಲಾಗಲಿಲ್ಲ. ಅಷ್ಟರಲ್ಲಿ ಹುಡುಗಿಯೇ ಒಳಗಿನಿಂದ ಬಂದಳು. ಫೋನಿನಲ್ಲಿದ್ದ ಚಿತ್ರ ತೋರಿಸಿ ನೀನು ಎಲ್ಲಿ ಎಂದೆ. ಎಡಗಡೆಯಿಂದ ಎಣಿಸಿ, ಹಿಂದಿನ ಸಾಲಿನ ತುದಿಯ ಮುಖ ಮುಟ್ಟಿದಳು. ಅದರ ಬಾಯಿಯೂ ಎಲ್ಲರದರಷ್ಟೇ ತೆರೆದಿತ್ತು. ಆಗ ಕೇಳಿದೆ. ಅವತ್ತು ನನ್ನ ಕಡೆ ನೋಡಿ ಏನೋ ಅಂದೆಯಲ್ಲ, ಏನಂದೆ?

ಅವಳು ಯೋಚಿಸಿದಳು. ‘‘ಅಮ್ಮಂಗೆ ನಾನು ಏನೂ ನೋಡ್ಲಿಲ್ಲ ಅಂದೆ. ಅಜ್ಜಿಗೆ ಜೋರಾಗಿ ಕೂಗ್ದೆ ಅಂದೆ. ಸ್ಕೂಲಲ್ಲಿ ಮರ್ತೋಯ್ತು ಅಂದೆ,’’ ಎಂದಳು. ‘‘ನಿಮ್ಗೆ ಯಾವ್ದು ಹೇಳ್ಬೇಕು ಮಿಸ್?’’

ತಮಾಷೆಗಲ್ಲ. ಪೆನ್ಸಿಲಿನಲ್ಲಿ ಬರೆಯಲೋ ಪೆನ್ನಿನಲ್ಲೋ ಎಂದು ಕೇಳುವ ಮಗುವಿನ ಮುಖ ಅದು. ಆದದ್ದನ್ನು ಹೇಳು ಎಂದೆ. ಸರಿ ಎಂದು ತಲೆಯಾಡಿಸಿ ನನ್ನ ಮುಖವನ್ನೇ ನೋಡುತ್ತ ನಿಂತಳು. ಅಲ್ಲಿ ಉತ್ತರ ಬರೆದಿದೆಯೇನೋ ಎನ್ನುವ ಹಾಗೆ. ನಾನು ಇನ್ನೂ ಕೇಳಿದರೆ ಅವಳು ಏನಾದರೂ ಹೇಳುತ್ತಾಳೆ. ಅದು ನಾನು ಕೇಳಬಯಸಿದ್ದೇ ಆಗಿರುತ್ತದೆ. ಅಲ್ಲಿಗೆ ಬಿಟ್ಟೆ.

ಅಜ್ಜಿಯ ಕಡೆ ತಿರುಗಿ ಎಲ್ಲ ಹೇಳಿದೆ. ತುಟಿ ಮಾತ್ರ ಆಡಿಸು ಎಂದದ್ದು, ಬೆರಳಿಟ್ಟದ್ದು, ನಗು ಎಂದು ಸನ್ನೆ ಮಾಡಿದ್ದು, ಸಂಘದವರ ಮುಂದೆ ಮುಚ್ಚಿಟ್ಟದ್ದು. ಅವಳು ಕೂಗಿದ್ದರೆ ಆ ಹುಡುಗನ ಮೂಳೆ ಮುರಿಯುತ್ತಿರಲಿಲ್ಲವೇನೋ, ಕೂಗದಂತೆ ಮಾಡಿದವಳು ನಾನು ಎಂದೆ. ಅಜ್ಜಿ ಹಿತುಕುವುದನ್ನು ನಿಲ್ಲಿಸಿದರು. ಬೈಯುತ್ತಾರೆ ಎಂದು ಕಾದೆ. ಅವರ ಮನಸ್ಸು ಸ್ಪೀಕರಿನ ಮೇಲೆ ಇರಲೇ ಇಲ್ಲ.

‘‘ಅಂಗಾರೆ ಇವ್ಳು ದನೀನೇ ತೆಗೀಲಿಲ್ವಾ?’’ ಎಂದರು. ‘‘ನಾನು ಮುಂದ್ಲ ಕುರ್ಚಿಯಾಗೆ ಕುಂತು, ಇದು ನಮ್ಮ ಕೂಸಿನ ದನಿ, ಇದು ನಮ್ಮ ಕೂಸಿನ ದನಿ ಅಂತ ಪಕ್ಕದೋಳಿಗೆ ಏಳ್ತಾ ಇದ್ನಲ್ಲವ್ವ.’’

ಅವರು ಮತ್ತೊಂದು ಕಾಳು ಹಿತುಕಿ ಬೋಗುಣಿಗೆ ಹಾಕಿ, ಇನ್ನು ಮೇಲೆ ಇವಳನ್ನು ಹಾಡಿಗೆ ಕಳಿಸುವುದಿಲ್ಲ, ಗಣರಾಜ್ಯೋತ್ಸವಕ್ಕೂ ಇಲ್ಲ ಎಂದರು. ಸಿಟ್ಟಿನಿಂದಲ್ಲ, ನಾಳೆ ಹಾಲು ಬೇಡ ಎನ್ನುವಂತೆ. ನನಗೆ ಹಗುರವಾಯಿತೋ ಅವಮಾನವಾಯಿತೋ ಈಗಲೂ ಸ್ಪಷ್ಟವಿಲ್ಲ.

ಹುಡುಗಿ ಗಾಬರಿಯಾದಳು. ‘‘ನನ್ನ ಜಾಗದಲ್ಲಿ ಯಾರ್ ನಿಂತ್ಕೋತಾರೆ ಮಿಸ್?’’

ಸಮಾಧಾನವಾಗಲಿ ಎಂದು, ಯಾರನ್ನೂ ನಿಲ್ಲಿಸುವುದಿಲ್ಲ, ಖಾಲಿ ಬಿಡುತ್ತೇನೆ ಎಂದೆ. ಅವಳ ಕಣ್ಣು ತುಂಬಿತು. ಖಾಲಿ ಬಿಟ್ಟರೆ ಸಾಲು ಸೊಟ್ಟ ಕಾಣುತ್ತೆ, ಎಲ್ಲರೂ ನನ್ನನ್ನೇ ಬೈತಾರೆ ಎಂದಳು. ಬೈಯುವುದಿಲ್ಲ ಎಂದೆ. ಹಾಡಬೇಕೆನಿಸಿದರೆ ನಿನಗೆ ಬಂದ ಹಾಗೆ ಗಂಟಲು ಬಿಟ್ಟು ಹಾಡು, ನಾನು ಬಂದು ಕೇಳುತ್ತೇನೆ ಎಂದೆ. ಅದಕ್ಕವಳು, ಬೇಡ ಮಿಸ್, ನಾನು ಚೆನ್ನಾಗಿ ಮ್ಯೂಟ್ ಮಾಡ್ತೀನಿ, ಅಜ್ಜಿಗೆ ಹೇಳಿ ಎಂದು ನನ್ನ ಸೆರಗು ಹಿಡಿದುಕೊಂಡಳು.

ಅಜ್ಜಿ ನನ್ನನ್ನು ನೋಡಿದರು. ಹೇಳಲೋ ಬೇಡವೋ ತಿಳಿಯದೆ, ಕೈಯಲ್ಲಿದ್ದ ಕಾಳನ್ನು ಹಿತುಕದೆ ಹಾಗೆಯೇ ಹಿಡಿದು ಕೂತೆ.