ಆಗಂಗಿಲ್ರಿ ಕಲಿಸಿದ ಅಕ್ಕ

ನಮ್ಮೂರು ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಧೂಳು ಎಲ್ಲರ ತಲೆಯ ಮೇಲೂ ಕೂರುತ್ತಿತ್ತು. ಹಾಗಾಗಿ ನಮ್ಮ ಅಕ್ಕನವರ ಕೂದಲು ನಿಜವಾಗಿ ಬೆಳ್ಳಗಾದದ್ದು ಯಾವಾಗ ಎಂದು ಯಾರಿಗೂ ಗೊತ್ತಾಗಲಿಲ್ಲ. ಸೈಕಲ್ ಇಳಿದವರೇ ಸೆರಗಿನಿಂದ ತಲೆ ಝಾಡಿಸಿಕೊಂಡು, ಅದೇ ಸೆರಗಿನಿಂದ ಹಾರ್ಮೋನಿಯಂ ಒರೆಸಿ ಕೂರುತ್ತಿದ್ದರು. ನಮ್ಮ ಚರ್ಚಿನ ಯೌವನಸ್ಥರ ಕೂಟ ಅವರದೇ ಜವಾಬ್ದಾರಿ. ವಯಸ್ಸಿನಲ್ಲಿ ನನ್ನ ತಾಯಿಗಿಂತ ದೊಡ್ಡವರು, ಆದರೂ ಎಲ್ಲರಿಗೂ ಅಕ್ಕನೇ.

ಆ ವರ್ಷ ನಾನು ಮೆಟ್ರಿಕ್. ಪಾಸಾದರೆ ನರ್ಸಿಂಗ್ ತರಬೇತಿ, ಫೇಲಾದರೆ ಶಹಾಬಾದಿನ ಸೋದರಮಾವನ ಜೊತೆ ಮದುವೆ. ಮಾವ ಆಗಲೇ ಕೋಟು ಹೊಲಿಸಿಕೊಂಡಿದ್ದ.

ನನ್ನಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಗಾಡಿಗಳನ್ನು ಸರಿಯಾದ ಹಳಿಗೆ ಕಳಿಸುವ ಮನುಷ್ಯ ಮಗಳನ್ನು ಮಾತ್ರ ಒಂದೇ ಸಲ ಎಲ್ಲ ಹಳಿಗಳಿಗೂ ಬಿಡುತ್ತಿದ್ದ. ಹಾಡಿನ ತಂಡ, ಭಾನುವಾರದ ಮಕ್ಕಳ ಪಾಠ, ಟೈಪಿಂಗ್ ಕ್ಲಾಸು, ಯಾರು ಏನು ಕೇಳಿದರೂ "ನಮ್ಮ ಹುಡುಗಿ ಮಾಡ್ತಾಳ ಬಿಡ್ರಿ" ಎನ್ನುವನು. ಕ್ರಿಸ್‌ಮಸ್ ನಾಟಕದಲ್ಲಿ ನಾನೇ ದೇವದೂತ, ನಾನೇ ಕುರುಬ. ರೆಕ್ಕೆ ಬಿಚ್ಚಲು ಮರೆತು ಕುರಿ ಕಾಯಲು ಹೋಗಿದ್ದೆ. ಕೂಟದ ಉಳಿದವರ ಪಾಡೂ ಅಷ್ಟೇ. ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಅರ್ಧ ಜನ ಆಮೆನ್‌ಗೂ ಏಳುತ್ತಿರಲಿಲ್ಲ.

ಒಂದು ಶನಿವಾರ ಹಾಡಿನ ನಡುವೆಯೇ ನಾನು ಅತ್ತುಬಿಟ್ಟೆ. ಅಕ್ಕ ಉಪದೇಶಕ್ಕೆ ಹೋಗಲಿಲ್ಲ.

"ಇವತ್ತ ಹಾಡು ಸಾಕು. 'ಆಗಂಗಿಲ್ರಿ' ಅನ್ನೋದು ಕಲೀರಿ," ಎಂದು ಸುರ ಹಿಡಿದರು.

ಅವರು ಹಿರಿಯರ ದನಿ ತೆಗೆದು "ಯವ್ವಾ, ಅಂಗಳ ಕಸ ಹೊಡದು ಹೋಗು" ಎನ್ನುವುದು, ನಾವು ಒಬ್ಬೊಬ್ಬರೇ "ಆಗಂಗಿಲ್ರಿ" ಎನ್ನುವುದು. "ನಾಳಿ ಪರೀಕ್ಷಾ ಅದ್ರಿ" ಎಂದು ಬಾಯಿ ಬಿಟ್ಟವರಿಗೆ ಅಕ್ಕ ತಂದ ಆ ದಿನದ ಮಿರ್ಚಿಭಜಿ ಇಲ್ಲ.

"ಕಾರಣ ಹೇಳಿದ್ರ ಅದಕ್ಕೊಂದು ದಾರಿ ಹುಡುಕಿ ಕೊಡ್ತಾರ," ಎನ್ನುತ್ತಿದ್ದರು. "ಯೇಸುಸ್ವಾಮಿನೂ ಮಂದಿ ಬಿಟ್ಟು ಗುಡ್ಡಕ್ಕ ಹೋಗಿ ಒಬ್ಬನೇ ಕುಂತಿದ್ದ. ಯಾರಿಗರ ಕಾರಣ ಹೇಳಿದ್ನೇನು?"

ಭಜಿಯ ಆಸೆಗೆ ನಾವು ಬೇಗ ಕಲಿತೆವು.

ಈಸ್ಟರ್ ನನ್ನ ಪರೀಕ್ಷೆಯ ಹಿಂದಿನ ದಿನವೇ ಬಂದಿತ್ತು. ಅದಕ್ಕೆ ಕೆಲವು ವಾರ ಮೊದಲು, ಆರಾಧನೆ ಮುಗಿದ ಮೇಲೆ, ನಮ್ಮ ಪಾದ್ರಿ ಅಯ್ಯನವರು "ಈಸ್ಟರ್ ಹಾಡು, ಮೆರವಣಿಗೆ ಎಲ್ಲಾ ಈ ಹುಡುಗಿ ನಡಸ್ತಾಳ" ಎಂದು ನನ್ನ ಕಡೆ ಕೈ ತೋರಿದರು. ಅಪ್ಪನ ಮುಖ ಅರಳಿತು. ನಾನು ಎದ್ದು ನಿಂತೆ.

"ಆಗಂಗಿಲ್ರಿ."

"ಯಾಕವ್ವಾ?"

ಕಾರಣ ನಾಲಗೆಯ ತುದಿಗೇ ಬಂತು. ಹಾರ್ಮೋನಿಯಂ ಹಿಂದೆ ಅಕ್ಕ ಖಾಲಿ ಕೈಯಿಂದ ಭಜಿ ತಿನ್ನುವವರಂತೆ ಬಾಯಾಡಿಸಿದರು.

"ಆಗಂಗಿಲ್ರಿ," ಎಂದೆ ಮತ್ತೆ. ಕೂಡಲೇ ಹಿಂದಿನ ಬೆಂಚುಗಳಿಂದ ಇಡೀ ಕೂಟ, ಕಲಿಸಿದ ಸುರದಲ್ಲೇ, "ಆಗಂಗಿಲ್ರಿ" ಎಂದಿತು. ವರ್ಷವಿಡೀ ನಾವು ಅಷ್ಟು ಚೆನ್ನಾಗಿ ಹಾಡಿರಲಿಲ್ಲ.

"ಹಂಗಾದ್ರ ಹಾಡೋರು ಯಾರು?" ಅಯ್ಯನವರು ಅಕ್ಕನ ಕಡೆ ತಿರುಗಿದರು.

"ನಾ ನೋಡ್ಕೋತೀನ್ರಿ," ಎಂದರು ಅಕ್ಕ. ಈ ಮಹಾತಾಯಿಗೆ ತಾವು ಕಲಿಸಿದ ಪಾಠ ತಮಗೇ ಬರುತ್ತಿರಲಿಲ್ಲ. ಆ ಈಸ್ಟರ್‌ಗೆ ದೊಡ್ಡವರನ್ನೇ ಸಾಲಾಗಿ ನಿಲ್ಲಿಸಿ ಹಾಡಿಸಿದರು. ಅಪ್ಪ ಇಂಜಿನ್ ಕೂಗಿದಂತೆ ಹಾಡಿದ್ದು ನಮ್ಮ ಕ್ವಾರ್ಟರ್ಸಿಗೂ ಕೇಳಿಸಿತು. ಅದನ್ನು ಕೇಳುತ್ತ ಗಣಿತ ಮಾಡಿಯೂ ನಾನು ಪಾಸಾದೆ. ಮಾವ ಆ ಕೋಟು ತೊಟ್ಟು ಬೇರೆಯವಳನ್ನು ಮದುವೆಯಾದ.

ಮುಂದೆ ನಾನು ನರ್ಸಾಗಿದ್ದ ಗುಲ್ಬರ್ಗದ ಆಸ್ಪತ್ರೆಗೇ ಅಕ್ಕ ರೋಗಿಯಾಗಿ ಬಂದರು. ಎದೆಯಲ್ಲಿ ದಮ್ಮಿರಲಿಲ್ಲ. ನೋಡಲು ಬಂದ ಸಭೆಯ ಹಿರಿಯರೊಬ್ಬರು ಮೋಸಂಬಿ ಇಟ್ಟು, "ಕ್ರಿಸ್‌ಮಸ್ ಹಾಡು ನೀವೇ ಕಲಸಬೇಕ್ರಿ ಅಕ್ಕ, ಕುಂತಲ್ಲೇ ಕಲಸ್ರಿ" ಎಂದರು. ಅಕ್ಕ ಒಪ್ಪಿಕೊಳ್ಳಲು ಬಾಯಿ ತೆರೆಯುತ್ತಿದ್ದರು. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

"ಆಗಂಗಿಲ್ರಿ," ಎಂದೆ ನಾನು.

"ಯಾಕವ್ವಾ?"

ನಾನು ಕಾರಣ ಹೇಳಲಿಲ್ಲ. ಅವರು ಹೋದ ಮೇಲೆ ಅಕ್ಕ ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹುಡುಕಿ ಹಿಡಿದರು. "ಸುರ ಬರೋಬ್ಬರಿ ಅದ," ಎಂದರು. "ಭಜಿ ಮಾತ್ರ ಇಲ್ಲ ನೋಡು."

ಡಿಸೆಂಬರ್ ಬರುವ ಮೊದಲೇ ಅಕ್ಕ ತೀರಿಹೋದರು. ಮಣ್ಣಿನ ದಿನ, ಹಾಡು ನಡೆಸಲು ಯಾರನ್ನು ಕೇಳುವುದೆಂದು ಅಯ್ಯನವರು ಸುತ್ತ ನೋಡಿದರು. ಅವರು ಕೇಳುವ ಮೊದಲೇ ನಾನು ಎದ್ದು ಹೋದೆ. ಹಾರ್ಮೋನಿಯಂ ಮೇಲೆ ಧೂಳು ಕೂತಿತ್ತು. ಸೆರಗಿನಿಂದ ಒರೆಸಿ ಕೂತೆ.