ಡ್ರಾಯಿಂಗ್ ಮೇಷ್ಟ್ರ ರಬ್ಬರು

ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಅಡವಿಯಪ್ಪನವರ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ರಬ್ಬರು ಮಾತ್ರ ಇದ್ದೇ ಇರುತ್ತಿತ್ತು. ಉಪ್ಪಾರಹಳ್ಳಿಯಿಂದ ಎರಡು ಬಸ್ಸು ಹಿಡಿದು ಚೇಳೂರಿಗೆ ಬರುವ ಅವರು, ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳ ಸೊಟ್ಟ ಅಕ್ಷರಗಳನ್ನು ಮನಸ್ಸಿನಲ್ಲೇ ಅಳಿಸಿ ಬರೆಯುತ್ತಿದ್ದರು. ಕ್ಲಾಸಿನಲ್ಲಿ ಬೆಂಚುಗಳ ನಡುವೆ ಓಡಾಡುತ್ತಾ, “ಏನ್ಲಾ ಇದು, ಹಸುನೋ ಮಂಚನೋ? ತಾ ಇಲ್ಲಿ” ಎಂದು ಹಾಳೆ ಕಿತ್ತುಕೊಂಡರೆ, ಎರಡೇ ನಿಮಿಷದಲ್ಲಿ ಆ ಹಸುವಿನ ಹಾಲು ಕರೆಯಬಹುದು ಅನ್ನಿಸುತ್ತಿತ್ತು. ಬಾವಿಗಳು ದುಂಡಗಾಗುತ್ತಿದ್ದವು, ತೆಂಗಿನಮರಗಳು ನೆಟ್ಟಗೆ ನಿಲ್ಲುತ್ತಿದ್ದವು. ಪ್ರತಿ ವರ್ಷ ಗುಬ್ಬಿಯಲ್ಲಿ ನಡೆಯುವ ತಾಲ್ಲೂಕು ಚಿತ್ರಸ್ಪರ್ಧೆಯಲ್ಲಿ ಬಹುಮಾನ ನಮ್ಮ ಮಕ್ಕಳಿಗೇ. ಗೆಲ್ಲುವವರು ಮೇಷ್ಟ್ರೇ ಎಂಬುದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಗಣಿತ ಹೇಳಿಕೊಡುವ ನಾನೂ ಚಪ್ಪಾಳೆ ತಟ್ಟಿದವನೇ. ಈ ವರ್ಷ ಎಂಟನೇ ಕ್ಲಾಸಿನ ಕೃತಿಕಾ ಬರೆದ ‘ನಮ್ಮಮ್ಮ’ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮೇಷ್ಟ್ರು ಎಲ್ಲರೆದುರು ಚಿತ್ರವನ್ನು ಅವಳ ಕೈಗೆ ಕೊಟ್ಟರು. ಅವಳು ಬಹಳ ಹೊತ್ತು ನೋಡಿ, “ಇದು ನಮ್ಮಮ್ಮ ಅಲ್ಲ ಸಾರ್” ಎಂದಳು. “ನಮ್ಮಮ್ಮನ ಎಡಗೈಲಿ ನಾಕೇ ಬೆರಳು. ಇನ್ನೊಂದು ಬೆರಳು ಮೇವು ಕತ್ತರ್ಸೋ ಮಿಷನ್‌ಗೆ ಹೋಯ್ತು. ನಾನು ನಾಕೇ ಬರ್ದಿದ್ದೆ.” ಮೇಷ್ಟ್ರು, ಗುಬ್ಬಿಗೆ ಕಳಿಸುವ ಮುನ್ನ ತಾವು ಸೇರಿಸಿದ್ದ ಐದನೆಯ ಬೆರಳನ್ನೇ ನೋಡುತ್ತಾ ನಿಂತರು. ಆಮೇಲೆ ತಲೆ ತಗ್ಗಿಸಿ, ಜೇಬಿನ ರಬ್ಬರನ್ನು ಅವಳ ಕೈಗಿಟ್ಟು, “ನೀನೇ ಅಳಿಸ್ಬುಡವ್ವ” ಎಂದರು. ಈಗಲೂ ಅವರು ಬೆಂಚುಗಳ ನಡುವೆ ಓಡಾಡುತ್ತಾರೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.