ಹಾಡಿದರೆ ಮಾತ್ರ ಹಾಕಿ

ಚನ್ನಗಿರಿಯ ಅಕ್ಕನ ಮನೆ ಅಡುಗೆಕೋಣೆಯಲ್ಲಿ ಅವತ್ತು ಐದು ಜನ ಇದ್ದೆವು: ಹೋಳಿಗೆ ತಟ್ಟುತ್ತಿದ್ದ ಅಕ್ಕ, ಬೇಯಿಸುತ್ತಿದ್ದ ಹೊನ್ನಾಳಿ ಅತ್ತಿಗೆ, ತಿನ್ನುತ್ತಿದ್ದ ನಾನು, ಬಾಗಿಲಿಗೆ ಒರಗಿ ಫೋನು ನೋಡುತ್ತಿದ್ದ ಭಾವ, ಮಣೆ ಮೇಲೆ ಕೂತು ಎಲ್ಲರ ತಪ್ಪು ಹುಡುಕುತ್ತಿದ್ದ ಸೊಕ್ಕೆ ಊರಿನ ದೊಡ್ಡಮ್ಮ. ದೊಡ್ಡಮ್ಮ ನಮ್ಮವ್ವನ ಅಕ್ಕ. ಮದುವೆಯ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಸೋಬಾನೆ ಪದ ಅವಳ ಬಾಯಲ್ಲಿ. ನನಗೆ ಮಾತು ಬಂದದ್ದೇ ಆ ಪದ ಕೇಳಿ. ಬರೆದಿಡೋಣ ಅಂದರೆ, "ಪದ ಬರೀತೀಯ, ರಾಗ ಎಲ್ಲಿಡ್ತೀಯೇ? ಡಬ್ಬ್ಯಾಗಾ?" ಅನ್ನುತ್ತಾಳೆ.

ಅದಕ್ಕೇ ತುಪ್ಪದ ಕೈಯಲ್ಲೇ ಫೋನಿನಲ್ಲಿ 'ಸೋಬಾನೆ ಬಳಗ' ಅಂತ ಗ್ರೂಪು ಕಟ್ಟಿದೆ. ಸುತ್ತಲಿನ ನಾಲ್ಕು ತಾಲ್ಲೂಕಿನ ನೆಂಟರು ಸೇರಿದರು. ದೊಡ್ಡಮ್ಮ ವಾರಕ್ಕೊಂದು ಪದ ಹಾಡಿ ಹಾಕಬೇಕು, ನಾವು ಕಲಿಯಬೇಕು. ಅಷ್ಟೇ ಕರಾರು.

ಒಂದು ತಿಂಗಳು ಸ್ವರ್ಗ. ಆಮೇಲೆ ಭಾವ ಅಡಿಕೆ ಧಾರಣೆ ಹಾಕಿದರು. ವ್ಯಾಪಾರಿ ಮನುಷ್ಯ, ಬೆಳಿಗ್ಗೆದ್ದು ಧಾರಣೆ ಹೇಳದಿದ್ದರೆ ಅವರಿಗೆ ಹೊಟ್ಟೆ ಉಬ್ಬುತ್ತದೆ. ಹಿಂದೆಯೇ ಬಂದವು ಗುಲಾಬಿ ಹೂವಿನ ಶುಭೋದಯ, ಕರೆಂಟು ಯಾವಾಗ ಬರ್ತೈತೆ ಅನ್ನುವ ಪ್ರಶ್ನೆ, ಮಂಡಿನೋವಿಗೆ ಎಕ್ಕದೆಲೆ. "ಇಲ್ಲಿ ಹಾಡು ಮಾತ್ರ" ಅಂತ ಬರೆದೆ. ಅದಕ್ಕೂ ಎಲ್ಲರೂ ಕೈಮುಗಿದು, ಮತ್ತೆ ಗುಲಾಬಿ ಹಾಕಿದರು.

ಒಂದು ದಿನ ದೊಡ್ಡಮ್ಮ ಹೆಣ್ಣು ಒಪ್ಪಿಸುವ ಪದ ಹಾಡಿ ಹಾಕಿದಳು. ಅದೇ ಗಳಿಗೆಗೆ ಯಾರೋ ತಮ್ಮ ಓಣಿಯ ಸಾವಿನ ಸುದ್ದಿಯನ್ನು ನಮ್ಮ ಗ್ರೂಪಿಗೆ ಹಾಕಿ, ತಪ್ಪಾಯಿತು ಅಂತ ಅಳಿಸಿಬಿಟ್ಟರು. ಸುದ್ದಿ ಹೋಯಿತು, ಸಂತಾಪ ಉಳಿಯಿತು. ದೊಡ್ಡಮ್ಮನ ಹಾಡಿನ ಕೆಳಗೆ ಓಂ ಶಾಂತಿ, ಓಂ ಶಾಂತಿ, ದೀಪ, ಹೂಮಾಲೆ. ಒಬ್ಬರಂತೂ "ಒಳ್ಳೆ ಜೀವ" ಅಂದಿದ್ದರು.

ಫೋನು ಬಂತು. "ನಾನಿನ್ನೂ ಅದೀನಿ ಕಣವ್ವಾ! ಬೆಳಿಗ್ಗೆ ಎರಡು ರೊಟ್ಟಿ ತಿಂದೀನಿ!"

ನಾನು ನಕ್ಕುಬಿಟ್ಟೆ. ನಗಬಾರದಿತ್ತು.

"ನಗು, ನಗು. ನನ್ನ ಪದ ಹುಡುಕಾಕೆ ಅಡಿಕೆ ರಾಶಿ ಕೆದರಬೇಕೇನು? ಇನ್ನು ನಾ ಹಾಡಾಕಿಲ್ಲ."

ಗ್ರೂಪು ಬಿಟ್ಟೇಬಿಟ್ಟಳು. ಬೀಸೋ ಕಲ್ಲು ಪೂಜೆಯ ಪದ ಇನ್ನೂ ಹಾಡಿರಲಿಲ್ಲ. ಅದು ಅವಳೊಬ್ಬಳಿಗೇ ಬರುತ್ತಿದ್ದದ್ದು. ನನಗೆ ಅನ್ನ ಸೇರಲಿಲ್ಲ.

ಉಪಾಯ ಅತ್ತಿಗೆಯದು. "ಬ್ಯಾಡ ಅಂದ್ರೆ ಯಾರೂ ಬಿಡಾಕಿಲ್ಲ ಕಣ್ರೀ. ಏನ್ ಬೇಕಾರೂ ಹಾಕ್ರಿ, ಆದ್ರೆ ಸೋಬಾನೆ ರಾಗದಾಗೆ ಹಾಡೇ ಹಾಕ್ರಿ ಅಂತ ಹೇಳ್ರಿ."

ಹಾಗೇ ನಿಯಮ ಮಾಡಿದೆ. ಎರಡು ದಿನ ಗ್ರೂಪು ಗಪ್‌ಚುಪ್. ಮೂರನೇ ದಿನ ಭಾವನಿಗೆ ತಡೆಯಲಾಗಲಿಲ್ಲ. ಗಂಟಲು ಸರಿಮಾಡಿಕೊಂಡು ಎರಡು ಬಗೆ ಅಡಿಕೆಯ ಧಾರಣೆ ಹಾಡಿಯೇಬಿಟ್ಟರು: "ರಾಶಿ ಅಡಿಕೆ ಇಳಿದೈತೆ ಕೇಳಿರವ್ವಾ, ಸೋಬಾನೇ! ಬೆಟ್ಟೆ ಅಡಿಕೆ ಏರೈತೆ ಕೇಳಿರವ್ವಾ, ಸೋಬಾನೇ!" ಹಿಂದೆ ಅಡಿಕೆ ಮಂಡಿಯ ಹಮಾಲರು ಬಿದ್ದು ಬಿದ್ದು ನಗುವ ಸದ್ದು. ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿದ ನಾನು ನಕ್ಕ ನಗುವಿಗೆ, ಏನೂ ತಿಳಿಯದ ಹೂವಿನಾಕೆಯೂ ನಕ್ಕಳು. ನನ್ನ ಬಸ್ಸು ಹೋಯಿತು.

ಅಕ್ಕ ಅದನ್ನು ಫೋನಿನಲ್ಲಿ ದೊಡ್ಡಮ್ಮನಿಗೆ ಕೇಳಿಸಿದಳು. ಅವಳಂದಳು, "ಅಳಿಯಂದ್ರಿಗೆ ಹೇಳವ್ವಾ, ಎರಡನೇ ಸಾಲು ಎಳೀಬೇಕು. ಹಿಂಗೆ ಕಡಿದ್ರೆ ಬೆಟ್ಟೆನೂ ಇಳೀತೈತೆ."

"ನೀನೇ ಹಾಡಿ ತೋರಿಸು ದೊಡ್ಡಮ್ಮ," ಅಂದಳು ಅಕ್ಕ.

"ಹೆಂಗೆ ತೋರಿಸ್ಲಿ? ಮೊದ್ಲು ನನ್ನ ಒಳಗೆ ಸೇರಿಸ್ರೇ!"

ಬೀಸೋ ಕಲ್ಲಿನ ಪದ ಅವತ್ತು ಸಂಜೆಯೇ ಬಂತು, ಪೂರ್ತಿ. ಅದರ ಎರಡನೇ ಸಾಲನ್ನು ಬೇಕೆಂದೇ ಉದ್ದಕ್ಕೆ ಎಳೆದಿದ್ದಳು.

ಮುಂದಿನ ವಾರ ದೊಡ್ಡಮ್ಮನಿಂದ ಒಂದು ಫೋಟೋ ಬಂತು: ಅವಳ ಎಮ್ಮೆ, ಪಕ್ಕದಲ್ಲಿ ಈಗಷ್ಟೇ ಹುಟ್ಟಿದ ಕರು. ಹಾಡಿಲ್ಲ. "ಹಾಡ್ರಿ ದೊಡ್ಡತ್ತೇ, ಹಾಡ್ರಿ!" ಅಂತ ಮೊದಲು ಎದ್ದವರು ಭಾವ. ಅರ್ಧ ಗಂಟೆ ಬಿಟ್ಟು ಎಮ್ಮೆಯ ಮೇಲೆ ನಾಲ್ಕು ಸಾಲಿನ ಸೋಬಾನೆ ಬಂತು. ಕೊನೇ ಸಾಲಿನಲ್ಲಿ ಕರುವೂ ಕೂಗಿತು. ಹೆಣ್ಣು ಕರು.